ಆಟದಿಂದ ವಾಟದ (ಇಳಿಜಾರಿನ) ಲೆಕ್ಕ ತೆಗೆದುಹಾಕಬೇಕೇ? ಕಲಿಯಲು ಕಷ್ಟವಾದ ಆಟಗಳನ್ನು ಬಹಳ ಜನ ಆಡುತ್ತಾರೆಯೇ?

ತಾಜಬಾವಡಿ · ವಿಜಯಪುರ · ಶನಿವಾರ ರಾತ್ರಿ 10:15

ನಾನು ಮತ್ತು ನನ್ನ ಗೆಳತಿ ಎರಡು ವರ್ಷದಿಂದ ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದೇವೆ. ಹಗಲು ನೌಕರಿ, ರಾತ್ರಿ ಆಟದ ಕೆಲಸ. ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ನೀರು ತಂದುಕೊಡುವುದೇ ಆಟ. ನಮ್ಮ ಊರಿನ ಮಗ್ಗುಲಲ್ಲಿ ದೊಡ್ಡ ನದಿ ಹರಿಯುವುದಿಲ್ಲ. ಆದರೂ ಇಲ್ಲಿ ಒಂದು ರಾಜಧಾನಿ ಬದುಕಿತು. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ಬಂತು. ದಕ್ಷಿಣಕ್ಕೆ 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಬಂತು. ದಾರಿಯುದ್ದಕ್ಕೂ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳಿವೆ. ನೀರಿನ ಒತ್ತಡ ಕೊಳವೆಯನ್ನು ಒಡೆಯದಂತೆ ತಗ್ಗಿಸಲು, ಹೂಳು ತಳದಲ್ಲಿ ಕೂರಲು ಅವನ್ನು ಕಟ್ಟಿದ್ದರು. ದಿನವೂ ಅವುಗಳ ನೆರಳಿನಲ್ಲಿ ಬೈಕ್ ನಿಲ್ಲಿಸುವ ಎಷ್ಟೋ ಜನರಿಗೆ ಈ ವಿಷಯ ಗೊತ್ತಿಲ್ಲ. ಆಟ ಹುಟ್ಟಿದ್ದೇ ಆ ಬೇಸರದಿಂದ.

ಆಟದಲ್ಲಿ ಸುರಂಗಕ್ಕೆ ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಗಾಳಿಗೆ, ಹೂಳೆತ್ತುವುದಕ್ಕೆ ಎಷ್ಟು ದೂರಕ್ಕೊಂದು ಬಾವಿ ತೋಡಬೇಕು, ಗಂಜ್ ಎಲ್ಲಿ ನಿಲ್ಲಬೇಕು, ಯಾವ ಪೇಟೆಗೆ ಮೊದಲು, ಯಾವ ತೋಟಕ್ಕೆ ಆಮೇಲೆ ಎಂದು ನಿರ್ಧರಿಸಬೇಕು. ಮೂರು ಬೇಸಿಗೆ ದಾಟಿದರೆ ಊರು ಉಳಿಯುತ್ತದೆ.

ಕಳೆದ ವಾರ ಹಣ ಹೂಡುವವರೊಬ್ಬರಿಗೆ ತೋರಿಸಿದೆವು. ಇಪ್ಪತ್ತು ನಿಮಿಷ ಆಡಿದರು. "ಚೆನ್ನಾಗಿದೆ. ಆದರೆ ಇಳಿಜಾರು, ಒತ್ತಡ, ಹೂಳು ಮೂರನ್ನೂ ತೆಗೆಯಿರಿ. ಬಾವಿ ಮುಟ್ಟಿದರೆ ನೀರು ಬರಲಿ. ಇಷ್ಟೆಲ್ಲ ಕಲಿಯುವ ತಾಳ್ಮೆ ಸಾಮಾನ್ಯ ಜನರಿಗೆ ಇಲ್ಲ" ಎಂದರು. ಆ ಮೂರನ್ನು ತೆಗೆದರೆ ನಮ್ಮ ಬಳಿ ಉಳಿಯುವುದು ಚಿತ್ರಗಳು ಮಾತ್ರ. ಆದರೂ ಅವರ ಮಾತು ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಕಲಿಯಲು ಕಷ್ಟವಾದ ಆಟ ಬಹಳ ಜನರನ್ನು ತಲುಪಬಲ್ಲದೇ? ನಿಮ್ಮ ಅನುಭವದಿಂದ ಹೇಳಿ. ಸಮಾಧಾನದ ಮಾತು ಬೇಡ.

ಉದ್ಯಮಬಾಗ ಲೇಥ್ · ಬೆಳಗಾವಿ · ಶನಿವಾರ ರಾತ್ರಿ 11:30

ತಂಗಿ, ಆ ಮೂರನ್ನೂ ಉಳಿಸಿಕೋ.

ನನ್ನದು ಉದ್ಯಮಬಾಗದಲ್ಲಿ ಚಿಕ್ಕ ಮಷಿನ್ ಶಾಪ್. ಎರಡು ಲೇಥ್, ಒಂದು ಸಿಎನ್‌ಸಿ. ರಾತ್ರಿ ಶಟರ್ ಎಳೆದ ಮೇಲೆ ನಾಲ್ಕು ವರ್ಷದಿಂದ ನಾನು ಆಡುತ್ತಿರುವುದು ಫ್ಯಾಕ್ಟೋರಿಯೋ. ಪ್ರಾಗ್ ನಗರದ ಒಂದು ಸಣ್ಣ ಕಂಪನಿ ಮಾಡಿದ ಆಟ. ಅದಿರು ಅಗೆದು, ಕರಗಿಸಿ, ಬೆಲ್ಟ್ ಮೇಲೆ ಸಾಗಿಸಿ, ಗೇರ್ ಮಾಡಿ, ಕೊನೆಗೆ ರಾಕೆಟ್ ಹಾರಿಸುವವರೆಗೆ ಕಾರ್ಖಾನೆ ಬೆಳೆಸಬೇಕು. ಹೊರಗಿನಿಂದ ನೋಡಿದರೆ ವೈರಿಂಗ್ ಡ್ರಾಯಿಂಗ್‌ನಂತೆ ಕಾಣುತ್ತದೆ. 2016ರಲ್ಲಿ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಗೆ ಬಂತು, 2020ರಲ್ಲಿ ಪೂರ್ಣವಾಯಿತು, 2022ರ ಕೊನೆಯ ಹೊತ್ತಿಗೆ 35 ಲಕ್ಷ ಪ್ರತಿ ಮಾರಾಟವಾಗಿತ್ತು. ಅಷ್ಟು ವರ್ಷ ಒಂದು ದಿನವೂ ರಿಯಾಯಿತಿ ಕೊಟ್ಟಿರಲಿಲ್ಲ.

ಅದು ಕಲಿಸುವ ರೀತಿ ನೋಡು. ಮೊದಲು ಕುಲುಮೆಗೆ ಕಲ್ಲಿದ್ದಲನ್ನು ನೀನೇ ಕೈಯಿಂದ ಹಾಕಬೇಕು. ಹತ್ತು ನಿಮಿಷದಲ್ಲಿ ಸಾಕೆನಿಸುತ್ತದೆ. ಸರಿಯಾಗಿ ಆಗ ಒಂದು ಯಂತ್ರದ ಕೈ ಸಿಗುತ್ತದೆ, ಅದು ಆ ಕೆಲಸ ಮಾಡುತ್ತದೆ. ಇನ್ನೊಂದು ತೊಂದರೆ ಎದುರಾಗುತ್ತದೆ, ಅದಕ್ಕೊಂದು ಉಪಾಯ ಸಿಗುತ್ತದೆ. ಯಾವ ಉಪಕರಣವೂ ಅದರ ಅಗತ್ಯಕ್ಕಿಂತ ಮೊದಲು ಕೈಗೆ ಬರುವುದಿಲ್ಲ.

ಐಟಿಐ ಮುಗಿಸಿ ಬರುವ ಹುಡುಗರಿಗೆ ನಾನು ಮೊದಲ ದಿನ ಟಾಲರೆನ್ಸ್ ಪಟ್ಟಿ, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆಂಬ ಪಟ್ಟಿ, ತೋರಿಸುವುದಿಲ್ಲ. ಒಂದು ರಾಡ್ ಕೊಟ್ಟು ಅದರ ಮುಖ ಸಮ ಮಾಡಿಸುತ್ತೇನೆ. ಹೊಳೆಯುವ ಲೋಹ ಕಂಡ ಕೂಡಲೇ ಅವರ ಕಣ್ಣು ಬದಲಾಗುತ್ತದೆ. ಮೈಕ್ರೋಮೀಟರ್ ಯಾಕೆ ಬೇಕೆಂದು ತಿಳಿಯುವುದು ಒಂದು ಲಾಟ್ ವಾಪಸ್ ಬಂದ ದಿನ. ಅಂದು ಕಲಿತದ್ದನ್ನು ಯಾರೂ ಮರೆತಿಲ್ಲ. ನಿನ್ನ ಆಟದಲ್ಲಿ ಮೊದಲ ಹೊಳಪು ಎಷ್ಟನೇ ನಿಮಿಷಕ್ಕೆ ಸಿಗುತ್ತದೆ? ಅದನ್ನು ಹೇಳು.

ನವನಗರ ಸೈಬರ್ · ಬಾಗಲಕೋಟೆ · ಭಾನುವಾರ ಬೆಳಗ್ಗೆ 8:05

ಸಮಾಧಾನದ ಮಾತು ಬೇಡ ಎಂದಿದ್ದೀರಿ, ಹಾಗಾಗಿ ಬರೆಯುತ್ತೇನೆ. ಹಳೆಯ ಬಾಗಲಕೋಟೆಯ ನಮ್ಮ ಓಣಿ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದು ಸೈಬರ್ ಕೆಫೆ ಹಾಕಿದೆ. ಎಂಟು ಕಂಪ್ಯೂಟರ್, ಗಂಟೆಗೆ ಹದಿನೈದು ರೂಪಾಯಿ. ಹತ್ತು ವರ್ಷ ಹುಡುಗರ ಬೆನ್ನ ಹಿಂದೆ ನಿಂತು ನೋಡಿದ್ದೇನೆ. ರಾಜ್ಯ ಕಟ್ಟಿ ಯುದ್ಧ ಮಾಡುವ ಏಜ್ ಆಫ್ ಎಂಪೈರ್ಸ್ ಆಟದ ಎರಡನೆಯ ಭಾಗವನ್ನು ನಾನೇ ಇಷ್ಟಪಟ್ಟು ಹಾಕಿದ್ದೆ. ಇಬ್ಬರು ಎಂಜಿನಿಯರಿಂಗ್ ಹುಡುಗರನ್ನು ಬಿಟ್ಟರೆ ಯಾರೂ ಅದರ ಮುಂದೆ ಎರಡನೆಯ ಸಲ ಕೂರಲಿಲ್ಲ. ಕಾರ್ ಓಡಿಸುವುದು, ಎರಡು ತಂಡ ಗುಂಡು ಹಾರಿಸಿ ಕಾದಾಡುವ ಕೌಂಟರ್-ಸ್ಟ್ರೈಕ್, ಇಷ್ಟೇ ನಡೆಯುತ್ತಿದ್ದುದು. ಕಲಿಯುವುದಕ್ಕೂ ಹದಿನೈದು ರೂಪಾಯಿ, ಸೋಲುವುದಕ್ಕೂ ಹದಿನೈದು ರೂಪಾಯಿ. ಯಾರು ಕೊಡುತ್ತಾರೆ?

ಇದು ನಮ್ಮ ಕಡೆಯ ಮಾತು ಮಾತ್ರವೂ ಅಲ್ಲ. ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 1971ರಲ್ಲಿ ಕಂಪ್ಯೂಟರ್ ಸ್ಪೇಸ್ ಎಂಬ ಆಟದ ಯಂತ್ರ ತಂದರು. ತಿರುಗುವುದಕ್ಕೆ, ನುಗ್ಗುವುದಕ್ಕೆ, ಗುಂಡು ಹಾರಿಸುವುದಕ್ಕೆ ಬೇರೆಬೇರೆ ಗುಂಡಿ, ಓದಲು ಸೂಚನೆಗಳು. ಬಾರ್‌ಗೆ ಬಂದ ಜನರಿಗೆ ಅದು ಹಿಡಿಸಲಿಲ್ಲ. ಮರುವರ್ಷ ಅವರೇ ಪಾಂಗ್ ತಂದರು. ಅದರ ಮುಖ್ಯ ಸೂಚನೆ ಒಂದೇ ಸಾಲು: ಹೆಚ್ಚು ಅಂಕ ಬೇಕಾದರೆ ಚೆಂಡು ಕೈತಪ್ಪಿ ಹೋಗಲು ಬಿಡಬೇಡಿ. ಮೊದಲು ಇಟ್ಟ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟುಹೋಯಿತೆಂದು ಹೋಗಿ ನೋಡಿದರೆ ನಾಣ್ಯದ ಡಬ್ಬಿ ತುಂಬಿತ್ತು.

2022ರ ಎಲ್ಡೆನ್ ರಿಂಗ್ ಮೂರು ವಾರದೊಳಗೆ 1 ಕೋಟಿ 20 ಲಕ್ಷ ಮಾರಾಟವಾಯಿತು, ಅದೂ ಕಷ್ಟದ ಆಟವೇ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅದನ್ನು ಕೊಂಡವರಲ್ಲಿ ಹೆಚ್ಚಿನವರ ಕೈಗೆ ಗೇಮ್‌ಪ್ಯಾಡ್ ಹಿಡಿದು ವರ್ಷಗಳ ಅಭ್ಯಾಸವಿದೆ. ಆ ಅಭ್ಯಾಸವಿಲ್ಲದವರನ್ನು ತಲುಪಿದಾಗಲ್ಲವೇ ಬಹಳ ಜನರನ್ನು ತಲುಪಿದಂತೆ?

ಮಚ್ಛೆ ಹಾಸ್ಟೆಲ್ · ಬೆಳಗಾವಿ · ಭಾನುವಾರ ಬೆಳಗ್ಗೆ 9:20

ಕಾಕಾ, ಒಂದು ಪ್ರಶ್ನೆ. ನಿಮ್ಮ ಅಂಗಡಿಯಲ್ಲಿ ಕೌಂಟರ್-ಸ್ಟ್ರೈಕ್ ಆಡುತ್ತಿದ್ದವರು ಸುಲಭದ ಆಟ ಆಡುತ್ತಿದ್ದರೇ? ಪ್ರತಿ ಸುತ್ತಿಗೂ ಹಣದ ಲೆಕ್ಕ, ಯಾವ ಬಂದೂಕು ಗುಂಡು ಹಾರಿದಂತೆ ಎತ್ತ ಎಳೆಯುತ್ತದೆ ಎಂಬ ಅಂದಾಜು, ನಕ್ಷೆಯ ಮೂಲೆಮೂಲೆಗೂ ಒಂದು ಹೆಸರು. ನನ್ನ ಅಣ್ಣ ಅದನ್ನು ಆಡುತ್ತಿದ್ದ. ಅವನಿಗೆ ಅದು ಕಷ್ಟವೆನಿಸದಿರಲು ಕಾರಣ, ಕುರ್ಚಿಯ ಹಿಂದೆ ನಿಂತು ಹೇಳಿಕೊಡುವ ನಾಲ್ಕು ಜನ. ಏಜ್ ಆಫ್ ಎಂಪೈರ್ಸ್ ಆಡುವವನ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ. ಈಗ ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡಿನ ಆಟ ಆಡುವ ಒಂಬತ್ತನೇ ತರಗತಿಯ ಹುಡುಗನನ್ನು ಕೇಳಿ ನೋಡಿ, ಬೆರಳು ಸರಿಸಿದರೆ ಗುರಿ ಎಷ್ಟು ಸರಿಯಬೇಕೆಂಬ ಸೆನ್ಸಿಟಿವಿಟಿ ಸಂಖ್ಯೆಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. ನಾಲ್ವರ ತಂಡದಲ್ಲಿ ಕಲಿತದ್ದು ಅದು.

ಚೌಕ ಚೌಕ ಕಲ್ಲುಗಳಿಂದ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ನೋಡಿ. ಬಹಳ ವರ್ಷ ಕಂಪ್ಯೂಟರಿನ ಆಟದೊಳಗೆ ಏನನ್ನು ಹೇಗೆ ತಯಾರಿಸಬೇಕೆಂಬ ಪುಸ್ತಕವೇ ಇರಲಿಲ್ಲ, ಅದು ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಮಕ್ಕಳು ಒಬ್ಬರನ್ನೊಬ್ಬರು ಕೇಳಿ, ಯೂಟ್ಯೂಬ್ ನೋಡಿ ಕಲಿತರು. 2023ರ ಹೊತ್ತಿಗೆ 30 ಕೋಟಿ ಪ್ರತಿ.

ನನ್ನದೇ ಅನುಭವ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ರಾಕೆಟ್ ಆಟದ್ದು. ಮೆಕ್ಸಿಕೋದವರು ಮಾಡಿದ್ದು. ಮೊದಲ ವಾರ ನನ್ನ ರಾಕೆಟ್‌ಗಳು ನೇರವಾಗಿ ಮೇಲೆ ಹೋಗಿ ನೇರವಾಗಿ ಕೆಳಗೆ ಬಿದ್ದವು. ಕಕ್ಷೆಗೆ ಸೇರಲು ಎತ್ತರ ಸಾಲದು, ಅಡ್ಡಡ್ಡ ಓಡುವ ವೇಗ ಬೇಕು ಎಂದು ಹೊಳೆದ ರಾತ್ರಿ ರೂಮಿನವರನ್ನೆಲ್ಲ ಎಬ್ಬಿಸಿದ್ದೆ. 2023ರಲ್ಲಿ ಚಂದ್ರಯಾನ-3 ಜುಲೈ 14ರಂದು ಹಾರಿ ಆಗಸ್ಟ್ 23ರಂದು ಇಳಿಯಿತು. ಇಷ್ಟು ದಿನ ಯಾಕೆ ಬೇಕು, ಭೂಮಿಯನ್ನೇ ಯಾಕೆ ಸುತ್ತುತ್ತದೆ ಎಂದು ಅಜ್ಜಿ ಕೇಳಿದಾಗ ಊಟದ ತಟ್ಟೆಯಲ್ಲಿ ನಿಂಬೆಹಣ್ಣು ಉರುಳಿಸಿ ಹೇಳಿಕೊಟ್ಟೆ. ಆ ಆಟದಲ್ಲಿ ಬಿದ್ದ ಪ್ರತಿ ರಾಕೆಟ್ ಯಾಕೆ ಬಿತ್ತೆಂದು ಕಣ್ಣಿಗೇ ಕಾಣುತ್ತಿತ್ತು. ಅಕ್ಕಾ, ನಿಮ್ಮ ಸುರಂಗ ಕಟ್ಟಿಕೊಂಡಾಗ ಯಾಕೆ ಕಟ್ಟಿಕೊಂಡಿತೆಂದು ಆಡುವವರಿಗೆ ಕಾಣುತ್ತದೆಯೇ?

ಅಥಣಿ ಓದುಗ · ಭಾನುವಾರ ಬೆಳಗ್ಗೆ 9:48

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ್‍ಯಾಮ್ ಇದೆ. ಆಟ ನಡೆಯುತ್ತದೆಯೇ? ನಡೆಯದಿದ್ದರೆ ಅದು ಇಳಿಜಾರಿನ ಲೆಕ್ಕಕ್ಕಿಂತ ದೊಡ್ಡ ಅಡ್ಡಿ.

ಟಿಳಕವಾಡಿ · ಬೆಳಗಾವಿ · ಭಾನುವಾರ ಮಧ್ಯಾಹ್ನ 1:10

ಡ್ವಾರ್ಫ್ ಫೋರ್ಟ್ರೆಸ್ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಅಮೆರಿಕದ ಟಾರ್ನ್ ಮತ್ತು ಝ್ಯಾಕ್ ಆ್ಯಡಮ್ಸ್ ಎಂಬ ಸಹೋದರರು 2006ರಲ್ಲಿ ಉಚಿತವಾಗಿ ಬಿಟ್ಟ ಆಟ. ಕುಳ್ಳರ ಒಂದು ಗುಂಪು ಬೆಟ್ಟದೊಳಗೆ ಊರು ಕಟ್ಟುತ್ತದೆ. ಪ್ರತಿಯೊಬ್ಬ ಕುಳ್ಳನಿಗೂ ಸ್ವಭಾವ, ನೆನಪು, ಇಷ್ಟಾನಿಷ್ಟ ಇವೆ. ಚಿತ್ರಗಳೇ ಇರಲಿಲ್ಲ, ತೆರೆಯ ತುಂಬ ಅಕ್ಷರ ಮತ್ತು ಚಿಹ್ನೆಗಳು. ಕೀಬೋರ್ಡಿನ ಎಷ್ಟೋ ಗುಂಡಿಗಳನ್ನು ಬಾಯಿಪಾಠ ಮಾಡಬೇಕಿತ್ತು. ನಾನು ಮೂರು ಸಲ ಬಿಟ್ಟೆ, ನಾಲ್ಕನೆಯ ಸಲ ಹಿಡಿದೆ. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 2012ರಲ್ಲಿ ಮೊದಲ ಸಲ ವಿಡಿಯೋ ಗೇಮ್‌ಗಳನ್ನು ಸಂಗ್ರಹಕ್ಕೆ ತೆಗೆದುಕೊಂಡಾಗ ಆರಿಸಿದ 14 ಆಟಗಳಲ್ಲಿ ಇದೂ ಒಂದು. ಆದರೂ ಆಡುವವರು ಕಡಿಮೆ.

2022ರ ಡಿಸೆಂಬರಿನಲ್ಲಿ ಅದೇ ಆಟ ಚಿತ್ರಗಳೊಡನೆ, ಮೌಸ್ ಸೌಲಭ್ಯದೊಡನೆ, ಸಣ್ಣದೊಂದು ಪಾಠದೊಡನೆ ಸ್ಟೀಮ್‌ಗೆ ಬಂತು. ಮೊದಲ ತಿಂಗಳಲ್ಲೇ ಸುಮಾರು ಐದು ಲಕ್ಷ ಪ್ರತಿ ಮಾರಾಟವಾಯಿತು. ಒಳಗಿನ ಗಹನತೆಯನ್ನು ಅವರು ಕಡಿಮೆ ಮಾಡಲಿಲ್ಲ. ಕುಳ್ಳರು ಈಗಲೂ ದುಃಖಪಡುತ್ತಾರೆ, ನೀರು ಈಗಲೂ ಗುಹೆಗೆ ನುಗ್ಗುತ್ತದೆ, ಊರು ಈಗಲೂ ಹಾಳಾಗುತ್ತದೆ. ಹದಿನಾರು ವರ್ಷ ಜನರನ್ನು ಹೊರಗೆ ನಿಲ್ಲಿಸಿದ್ದು ಬಾಗಿಲು, ಮನೆಯಲ್ಲ. ಹೂಡಿಕೆದಾರರು ಇಪ್ಪತ್ತು ನಿಮಿಷದಲ್ಲಿ ಎಡವಿದ್ದು ಯಾವುದಕ್ಕೆ ಎಂದು ನೀವು ಗಮನಿಸಿದಿರಾ? ಅವರು ಹೇಳಿದ ಕಾರಣವೇ ನಿಜವಾದ ಕಾರಣ ಎಂದು ನಂಬಬೇಡಿ.

ನವನಗರ ಸೈಬರ್ · ಬಾಗಲಕೋಟೆ · ಭಾನುವಾರ ಮಧ್ಯಾಹ್ನ 2:35

ಕೌಂಟರ್-ಸ್ಟ್ರೈಕ್ ವಿಷಯದಲ್ಲಿ ಹುಡುಗ ಹೇಳಿದ್ದು ಸರಿ. ನಾನು ಅದನ್ನು ಹಾಗೆ ನೋಡಿರಲಿಲ್ಲ. ಎರಡು ಕುರ್ಚಿಗಳ ನಡುವೆ ಜಾಗ ಬಿಟ್ಟಿದ್ದೇ ಅವರು ನಿಲ್ಲಲಿ ಎಂದು.

ಆದರೆ ಟಿಳಕವಾಡಿಯವರು ಹೇಳಿದ ಕಥೆಯಲ್ಲಿ ಹದಿನಾರು ವರ್ಷ ಆ ಸಹೋದರರು ಅಭಿಮಾನಿಗಳ ದೇಣಿಗೆಯಿಂದ ಬದುಕಿದರು. ಸ್ಟೀಮ್‌ಗೆ ಹೋಗುವ ನಿರ್ಧಾರದ ಹಿಂದೆ ವೈದ್ಯಕೀಯ ಖರ್ಚಿನ ಚಿಂತೆಯಿತ್ತೆಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಗೆದ್ದ ಒಂದು ಆಟದ ಹೆಸರು ನಮಗೆ ಗೊತ್ತಾಗುತ್ತದೆ. ಅಷ್ಟೇ ಗಹನವಾಗಿದ್ದು, ಯಾರೂ ತೆರೆದು ನೋಡದೆ ಹೋದವುಗಳ ಹೆಸರು ಗೊತ್ತಾಗುವುದಿಲ್ಲ. ಈ ಇಬ್ಬರು ಹೆಣ್ಣುಮಕ್ಕಳಿಗೆ ಹದಿನಾರು ವರ್ಷ ಕಾಯಿರಿ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಸುಹೊಕ್ಕು · ಇಳಕಲ್ · ಭಾನುವಾರ ಸಂಜೆ 6:40

ನಾನು ವಿಡಿಯೋ ಗೇಮ್ ಆಡುವವಳಲ್ಲ. ಮಗ ಆಡುತ್ತಾನೆ, ಅವನೇ ಈ ಚರ್ಚೆ ತೋರಿಸಿದ. ಕಲಿಯಲು ಕಷ್ಟವಾದದ್ದನ್ನು ಸಾಮಾನ್ಯ ಜನ ಕಲಿಯುವುದಿಲ್ಲ ಎಂಬ ಮಾತು ಓದಿ ಸುಮ್ಮನಿರಲಾಗಲಿಲ್ಲ.

ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೆ ಸೆರಗು ಹೇಳಿಬಿಡುತ್ತದೆ. ಇದನ್ನು ಕಲಿತವರು ಕಾಲೇಜು ಓದಿದವರಲ್ಲ, ಓಣಿಗೆ ಓಣಿಯೇ ಕಲಿತಿತ್ತು. ನಾನು ಏಳು ವರ್ಷದವಳಿದ್ದಾಗ ಅವ್ವ ಕಂಡಿಕೆ ಸುತ್ತಲು ಕೂರಿಸಿದಳು. ಮಗ್ಗದ ಬಗ್ಗೆ ಏನೂ ಹೇಳಲಿಲ್ಲ. ನಾನು ಸುತ್ತಿದ ಕಂಡಿಕೆ ಲಾಳಿಯೊಳಗೆ ಹೋಗಿ, ಸಂಜೆಗೆ ಆ ದಾರ ಬಟ್ಟೆಯಾಗಿದ್ದನ್ನು ಮುಟ್ಟಿ ತೋರಿಸಿದಳು, ಅಷ್ಟೇ. ಸಡಿಲವಾಗಿ ಸುತ್ತಿದರೆ ದಾರ ಸಿಕ್ಕಾಗುತ್ತಿತ್ತು, ಅವ್ವ ಮಗ್ಗ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು. ಹಾಗೆ ವರ್ಷಗಳಾದ ಮೇಲೆ ಒಂದು ದಿನ ಮಗ್ಗದ ಕುಣಿಗೆ ಇಳಿದಾಗ ನನಗೆ ಹೊಸದೇನೂ ಕಾಣಲಿಲ್ಲ.

ಸರಳ ಮಾಡಿ ಎನ್ನುವವರು ಸೀರೆಗೂ ಬಂದಿದ್ದಾರೆ. ಕೊಂಡಿಯಿಲ್ಲದೆ ಯಂತ್ರದಲ್ಲಿ ನೇಯ್ದ ಸೀರೆ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ, ಕೊಳ್ಳುವವರ ಮೇಲೆ ನನಗೆ ಬೇಸರವೂ ಇಲ್ಲ. ಆದರೆ ಅದನ್ನು ಮಡಿಸಿಡುವಾಗ ಯಾರೂ ಸೆರಗಿನ ಕೂಡಿಕೆಯ ಮೇಲೆ ಬೆರಳಾಡಿಸುವುದಿಲ್ಲ. ನಿಮ್ಮ ಆಟದಲ್ಲಿ ಕಂಡಿಕೆ ಸುತ್ತುವ ಕೆಲಸ ಯಾವುದು ಎಂದು ಹುಡುಕಿ, ತಂಗಿ.

ಜಮಖಂಡಿ ಮಾಸ್ತರ · ಭಾನುವಾರ ರಾತ್ರಿ 8:30

ನಿವೃತ್ತ ಶಿಕ್ಷಕ ನಾನು. ಮೊಮ್ಮಗನ ಜೊತೆ ನಾಗರಿಕತೆ ಬೆಳೆಸುವ ಸಿವಿಲೈಜೇಶನ್ ಎಂಬ ಆಟ ಆಡಲು ಕೂತಿದ್ದೇನೆ. ಚದುರಂಗ ಆಡುತ್ತ ಬೆಳೆದವನಿಗೆ ಅದರ ಯುಕ್ತಿ ಹೊಸದಲ್ಲ. ಎಡವಿದ್ದು ಭಾಷೆಯಲ್ಲಿ. ಪ್ರತಿ ಚೌಕದ ಮೇಲೂ ಇಂಗ್ಲಿಷಿನ ಸಣ್ಣ ಅಕ್ಷರ. ಮೊಮ್ಮಗ ಕನ್ನಡದಲ್ಲಿ ಹೇಳಿದ್ದೆಲ್ಲ ಒಂದೇ ಸಲಕ್ಕೆ ತಿಳಿಯಿತು.

ಮಗಳೇ, ನಿನ್ನ ಆಟದ ಮಾತು ಯಾವ ಕನ್ನಡದಲ್ಲಿದೆ? "ಇಳಿಜಾರಿನ ಪ್ರಮಾಣ", "ಜಲ ಒತ್ತಡ ಸೂಚ್ಯಂಕ" ಎಂದು ಬರೆದಿದ್ದರೆ ಅದೂ ನನ್ನ ಪಾಲಿಗೆ ಇಂಗ್ಲಿಷೇ. ನಮ್ಮ ಗೌಂಡಿಗಳು ಮಾಳಿಗೆಗೆ, ಬಚ್ಚಲಿಗೆ ವಾಟ ಕೊಡುತ್ತಾರೆ. "ವಾಟ ಸಾಲದು" ಎಂದರೆ ನೀರು ನಿಲ್ಲುತ್ತದೆ ಎಂದು ಅಡುಗೆಮನೆಯಲ್ಲಿ ಇರುವವರಿಗೂ ಗೊತ್ತು. ಹೂಳು, ತೂಬು, ಕಾಲುವೆ, ಕಟ್ಟೆ, ಒರತೆ ಇವೆಲ್ಲ ಬಳಕೆಯಲ್ಲಿರುವ ಮಾತುಗಳು. ಮಾತು ಗೊತ್ತಿದ್ದರೆ ವಿಷಯದ ಅರ್ಧ ಆಗಲೇ ಗೊತ್ತಿರುತ್ತದೆ. ನಮ್ಮ ಕಡೆಯ ಹಳೆಯ ಗುಡಿಗಳ ಕಟ್ಟೆಯ ಮೇಲೆ ಹುಲಿ-ಕುರಿ ಆಟದ ಗೆರೆ ಕೊರೆದಿರುತ್ತಾರೆ. ಅದನ್ನು ಆಡಲು ಯಾರೂ ಪುಸ್ತಕ ಓದಲಿಲ್ಲ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಸೇರಿ ಹುಲಿಯನ್ನು ಕಟ್ಟಿಹಾಕುತ್ತವೆ ಎಂದು ಹೆಸರೇ ಹೇಳುತ್ತದೆ. ಆದರೆ ಕುರಿಯ ಕಡೆ ಆಡಿ ಗೆಲ್ಲಲು ನನಗೆ ಒಂದು ಬೇಸಿಗೆ ರಜೆ ಪೂರ್ತಿ ಹಿಡಿಯಿತು.

ತಾಜಬಾವಡಿ · ವಿಜಯಪುರ · ಮುಂದಿನ ಶನಿವಾರ ರಾತ್ರಿ 11:05

ಎಲ್ಲರಿಗೂ ನಮಸ್ಕಾರ. ವಾರವಿಡೀ ಉತ್ತರ ಬರೆಯಲಿಲ್ಲ, ಏಕೆಂದರೆ ನೀವು ಕೇಳಿದ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ. ಮೂವರನ್ನು ಕೂರಿಸಿ ಆಡಿಸಿದೆ. ನಾನು ಬಾಯಿ ತೆರೆಯಬಾರದು ಎಂದು ನಿರ್ಧರಿಸಿ ಪಕ್ಕದಲ್ಲಿ ವಹಿ ಹಿಡಿದು ಕೂತಿದ್ದೆ.

ಮೊದಲನೆಯವರು ನನ್ನ ಸೋದರಮಾವ. ತಿಕೋಟಾದಲ್ಲಿ ನಾಲ್ಕು ಎಕರೆ ದ್ರಾಕ್ಷಿ ಇದೆ. ಜೀವನದಲ್ಲಿ ಒಂದು ಕಂಪ್ಯೂಟರ್ ಆಟವನ್ನೂ ಆಡಿದವರಲ್ಲ. ಗಂಜ್ ಚಿತ್ರ ನೋಡಿ, ನಾನು ಏನೂ ಹೇಳದೆಯೇ, "ಇಲ್ಲಿ ಪ್ರೆಷರ್ ಮುರಿಯುತ್ತಾರೆ" ಎಂದರು. ಹನಿ ನೀರಾವರಿಯಲ್ಲಿ ದಿನವೂ ಅದೇ ಕೆಲಸ: ಗೇಟ್ ವಾಲ್ವ್ ತಿರುಗಿಸುವುದು, ಫಿಲ್ಟರ್ ತೊಳೆಯುವುದು, ಕೊನೆಯ ಸಾಲಿಗೆ ನೀರು ಮುಟ್ಟಿತೇ ಎಂದು ನಡೆದು ಹೋಗಿ ನೋಡುವುದು. ಹೂಳು ತುಂಬಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರು ಸೋತದ್ದು ಬೇರೆ ಕಡೆ. ನೋಟ ತಿರುಗಿಸಲು ಮೌಸಿನ ನಡುಗುಂಡಿ ಒತ್ತಿ ಹಿಡಿದು ಎಳೆಯಬೇಕು. ನಾಲ್ಕು ಸಲ ಊರು ತೆರೆಯಿಂದಲೇ ಮಾಯವಾಯಿತು. ನಾಲ್ಕನೆಯ ಸಲ ಅವರ ಮುಖ ಸಣ್ಣದಾಯಿತು. ನಮ್ಮ ತಪ್ಪಿಗೆ ಅವರು ನಾಚಿಕೊಂಡರು. ಅದನ್ನು ನೋಡಿ ನನಗೆ ತುಂಬ ನೋವಾಯಿತು.

ಎರಡನೆಯವಳು ಅಣ್ಣನ ಮಗಳು, ಹದಿಮೂರು ವರ್ಷ. ಒಂದು ಅಕ್ಷರವನ್ನೂ ಓದಲಿಲ್ಲ. ಸುರಂಗ ಮೂರು ಸಲ ಕಟ್ಟಿಕೊಂಡಿತು. ಮಚ್ಛೆಯ ತಮ್ಮ ಕೇಳಿದ್ದು ಸರಿ, ಯಾಕೆ ಕಟ್ಟಿಕೊಂಡಿತೆಂದು ಅವಳಿಗೆ ಕಾಣಲೇ ಇಲ್ಲ. ಮೂಲೆಯಲ್ಲಿ ಒಂದು ಕೆಂಪು ಸಂಖ್ಯೆ ಬಂದಿತ್ತು, ಅಷ್ಟೇ. ನೀರು ನಿಧಾನವಾಗುವುದು, ಬಣ್ಣ ಕಲಕುವುದು, ತಳ ಏರುವುದು ಕಾಣಬೇಕಿತ್ತು. ಆದರೂ ಅವಳು ಎದ್ದು ಹೋಗಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ.

ಮೂರನೆಯವರು ಪಕ್ಕದ ಮನೆಯವರು, ಕಚೇರಿಯಲ್ಲಿ ಗುಮಾಸ್ತರು. ಒಂಬತ್ತನೆಯ ನಿಮಿಷಕ್ಕೆ ಎದ್ದರು. ಎಣಿಸಿ ನೋಡಿದೆ: ಮೊದಲ ಹನಿ ನೀರು ಕಾಣುವ ಮೊದಲು ನಾವು ಹದಿನಾಲ್ಕು ಸೂಚನೆ ಪೆಟ್ಟಿಗೆಗಳನ್ನು ತೋರಿಸುತ್ತಿದ್ದೆವು. ಹೂಡಿಕೆದಾರರ ಇಪ್ಪತ್ತು ನಿಮಿಷದಲ್ಲಿ ಹನ್ನೆರಡು ಅದರಲ್ಲೇ ಹೋಗಿರಬೇಕು. ಅವರು ಇಳಿಜಾರಿನ ಲೆಕ್ಕ ಮಾಡುವ ಹಂತಕ್ಕೆ ಬಂದೇ ಇರಲಿಲ್ಲ.

ಹಾಗಾಗಿ ವಾಟ ಉಳಿಯುತ್ತದೆ, ಒತ್ತಡ ಉಳಿಯುತ್ತದೆ, ಹೂಳು ಉಳಿಯುತ್ತದೆ. ತಿರುಗುವ ನೋಟ ಹೋಗುತ್ತದೆ, ಎರಡು ತಿಂಗಳ ಕೆಲಸ ಅದು, ಹೋಗಲಿ. ಹದಿನಾಲ್ಕು ಪೆಟ್ಟಿಗೆ ಎರಡಕ್ಕೆ ಇಳಿಯುತ್ತದೆ. ಆಟ ಈಗ ಒಂದು ಬಾವಿ, ಒಂದು ಕಾಲುವೆ, ಒಂದು ಮಡಿ ಮೆಂತ್ಯದಿಂದ ಶುರುವಾಗುತ್ತದೆ. ನಾಲ್ಕನೆಯ ನಿಮಿಷಕ್ಕೆ ನೀರು ಮಡಿಗೆ ಹರಿಯುತ್ತದೆ. ಇಳಕಲ್ಲಿನ ಅಕ್ಕಾ, ನಮ್ಮ ಕಂಡಿಕೆ ಅದು. ಮಾಸ್ತರರು ಕೊಟ್ಟ ಮಾತುಗಳನ್ನೆಲ್ಲ ಹಾಕಿದ್ದೇವೆ. ಅಥಣಿಯವರೇ, 4 ಜಿಬಿಯಲ್ಲಿ ತಡವರಿಸುತ್ತ ನಡೆಯುತ್ತದೆ, ಸರಿಪಡಿಸುತ್ತಿದ್ದೇವೆ. ಹೂಡಿಕೆದಾರರಿಗೆ ಆಗುವುದಿಲ್ಲವೆಂದು ಪತ್ರ ಬರೆದೆವು. ಅದನ್ನು ಕಳಿಸುವಾಗ ಕೈ ನಡುಗಿತು.

ನವನಗರ ಸೈಬರ್ · ಬಾಗಲಕೋಟೆ · ಭಾನುವಾರ ಬೆಳಗ್ಗೆ 7:50

ಮೂರು ಜನ ಸಾಲದು, ಅದರಲ್ಲಿ ಇಬ್ಬರು ನಿಮ್ಮ ಮನೆಯವರು. ಮನೆಯವರು ಬೇಸರವಾದರೂ ಹೇಳುವುದಿಲ್ಲ.

ನನ್ನ ಅಂಗಡಿಯಲ್ಲಿ ಈಗ ಝೆರಾಕ್ಸ್ ಮತ್ತು ಅರ್ಜಿ ತುಂಬುವ ಕೆಲಸ. ನಾಲ್ಕು ಕಂಪ್ಯೂಟರ್ ಇನ್ನೂ ಇವೆ. ಮುಂದಿನ ಭಾನುವಾರ ಬನ್ನಿ. ಓಣಿಯ ಎಂಟು ಹುಡುಗರನ್ನು ಕರೆಯುತ್ತೇನೆ, ಹುಡುಗಿಯರನ್ನೂ ಕರೆಯುತ್ತೇನೆ. ಒಂದು ಕಂಪ್ಯೂಟರಿಗೆ ಇಬ್ಬರು, ಒಬ್ಬರು ಕೂರಲಿ, ಒಬ್ಬರು ಹಿಂದೆ ನಿಲ್ಲಲಿ. ಗಂಟೆಗೆ ದುಡ್ಡಿಲ್ಲ. ಎಷ್ಟು ಜನ ಎರಡನೆಯ ಗಂಟೆಗೂ ಉಳಿಯುತ್ತಾರೆ ಎಂದು ನಾನೇ ಎಣಿಸುತ್ತೇನೆ. ಎಣಿಸಿದ್ದನ್ನು ಇಲ್ಲಿಯೇ ಬರೆಯುತ್ತೇನೆ, ಹೇಗೇ ಇರಲಿ.

ತಾಜಬಾವಡಿ · ವಿಜಯಪುರ · ಭಾನುವಾರ ಬೆಳಗ್ಗೆ 8:02

ಬರುತ್ತೇವೆ, ಕಾಕಾ. ಬೆಳಗಿನ ಬಸ್ಸಿಗೆ ಹೊರಟರೆ ಹನ್ನೊಂದರೊಳಗೆ ನವನಗರದಲ್ಲಿ ಇರುತ್ತೇವೆ. ಮಾವನವರನ್ನೂ ಕರೆದುಕೊಂಡು ಬರಲೇ? ನೋಟ ಸರಿಪಡಿಸಿದ ಮೇಲೆ ಇನ್ನೊಮ್ಮೆ ಆಡುತ್ತೇನೆ ಎಂದು ಅವರೇ ಕೇಳಿದ್ದಾರೆ.